ತಪ್ಪಾಯ್ತು ಅನ್ನಲಾರದವಳು

ಶಿಕಾರಿಪುರದ ಪಾತ್ರೆ ಅಂಗಡಿ ಸದಾಶಿವಪ್ಪನವರ ಮಗಳು ನೀಲಾಂಬಿಕ ಮೂರು ವರ್ಷದಲ್ಲಿ ಐದು ಗಂಡುಗಳನ್ನು ಬೇಡವೆಂದಿದ್ದಳು. ಒಬ್ಬನಿಗೆ ಮಾತು ಜಾಸ್ತಿ, ಇನ್ನೊಬ್ಬನಿಗೆ ಮಾತೇ ಇಲ್ಲ, ಮತ್ತೊಬ್ಬನ ತಾಯಿ ಉಪ್ಪಿಟ್ಟು ತಿನ್ನುತ್ತಲೇ ಅಟ್ಟದ ಮೇಲಿನ ಹಂಡೆಗಳನ್ನು ಎಣಿಸಿದಳು. ಹೀಗೆ ಒಬ್ಬೊಬ್ಬರಿಗೂ ಒಂದೊಂದು ನೆವ. ಹಾಗಾಗಿ ಎಮರ್ಜೆನ್ಸಿ ಮುಗಿದ ವರ್ಷದ ಕಾರ್ತಿಕದಲ್ಲಿ, ಸೊರಬದಲ್ಲಿ ಟೀಚರಾಗಿದ್ದ ಅವಳು ಒಂದು ಶನಿವಾರ ಬಸ್ಸಿಳಿದು ಬಂದು ಕೈಕಾಲು ತೊಳೆದು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು, “ಅವ್ವ, ಬಳ್ಳಿಗಾವಿಯಿಂದ ಒಂದು ಸಂಬಂಧ ಕೇಳ್ಕೊಂಡು ಬರ್ತಾರೆ. ನಂಗೆ ಒಪ್ಪಿಗೆ ಐತೆ,” ಅಂದಾಗ ನಿರ್ಮಲಮ್ಮ ತಟ್ಟುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದು ನಿಂತರು.

“ಏನಂದಿ?”

“ಮಹೇಶ್ವರಪ್ಪ ಅಂತ. ಸೊರಬದಾಗೆ ಗ್ರಾಮಸೇವಕರು. ನಮ್ಮ ಶಾಲೆ ತೋಟಕ್ಕೆ ಸಸಿ ಕೊಡೋಕೆ ಬರ್ತಾರೆ.”

“ನಮ್ಮೋರೇ ತಾನೆ?”

“ನಮ್ಮೋರೇ.”

ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಬಸವಣ್ಣೆಮ್ಮ ಅಲ್ಲಿಂದಲೇ ಕೂಗಿದರು: “ಇಪ್ಪತ್ತೆಂಟಕ್ಕಾದ್ರೂ ಬುದ್ಧಿ ಬಂತಲ್ಲ! ಸದಾಶಿವನ್ನ ಕರೀರೇ ಅಂಗಡಿಯಿಂದ.”

ಆವತ್ತು ಹೋಳಿಗೆಗೆ ಬೇಳೆ ಬೆಂದಿತು. ಸದಾಶಿವಪ್ಪನವರು ಎರಡು ಸಲ ಹಾಕಿಸಿಕೊಂಡು ಉಂಡರು. ಮಗಳ ಎಲೆಯಲ್ಲಿ ಮಾತ್ರ ಅರ್ಧ ಹೋಳಿಗೆ ಉಳಿಯಿತು. ನಾಚಿಕೆ ಎಂದು ಎಲ್ಲರೂ ತಿಳಿದರು.

ನಾಚಿಕೆಯಲ್ಲ. ಎರಡು ವಾರದ ಹಿಂದೆ ಸೊರಬದ ಬಾಡಿಗೆ ಮನೆಯಿಂದ ಜಗದಾಂಬ ಟ್ರಂಕು ಹೊರಿಸಿಕೊಂಡು ಹೊರಟು ಹೋಗಿದ್ದಳು. ಆ ಮನೆಯಲ್ಲಿ ಅವಳೂ ನೀಲಾಂಬಿಕಳೂ ಮೂರು ವರ್ಷ ಒಟ್ಟಿಗಿದ್ದರು.

ಜಗದಾಂಬ ಸರ್ಕಾರಿ ಆಸ್ಪತ್ರೆಯ ನರ್ಸು. ನೀಲಾಂಬಿಕಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಹದಿನೆಂಟಕ್ಕೆ ಮದುವೆಯಾಗಿ, ಇಪ್ಪತ್ತಕ್ಕೆ ಗಂಡನ ಮನೆ ಬಿಟ್ಟು ಬಂದು, ತರಬೇತಿ ಮಾಡಿಕೊಂಡು ತನ್ನ ಕಾಲ ಮೇಲೆ ನಿಂತವಳು. ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ಬಾವಿ. ಬಾಡಿಗೆ ಹಂಚಿಕೊಳ್ಳಲೆಂದು ಜೊತೆಯಾದವರು ಆರು ತಿಂಗಳಲ್ಲಿ ಒಂದೇ ಹಾಸಿಗೆ ಹಂಚಿಕೊಳ್ಳುವವರಾದರು. ಅದಕ್ಕೊಂದು ಹೆಸರು ಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ. ಜನರ ಎದುರು ‘ಅಕ್ಕ’, ಇಬ್ಬರೇ ಇದ್ದಾಗ ಬರೀ ‘ಜಗದಾ’. ಲಿಂಗ ಕಟ್ಟಿದವಳ ಮನೆ ಎಂದು ಜಗದಾಂಬ ಮೀನು ತರುವುದನ್ನು ನಿಲ್ಲಿಸಿದಳು. ಅವಳಿಗೆ ರಾತ್ರಿ ಪಾಳಿ ಬಿದ್ದ ವಾರ ನೀಲಾಂಬಿಕ ಬುತ್ತಿ ಕಟ್ಟಿ ಆಸ್ಪತ್ರೆಗೆ ಕೊಟ್ಟು ಬರುತ್ತಿದ್ದಳು. ಗಂಡುಗಳನ್ನು ಬೇಡವೆಂದದ್ದು ಹೀಗೆ.

ಆದರೆ ಆ ವರ್ಷದ ಮಳೆಗಾಲದಲ್ಲಿ ಮಹೇಶ್ವರಪ್ಪ ನುಗ್ಗೆ, ಪಪ್ಪಾಯಿ ಸಸಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಶಾಲೆಗೆ ಬಂದ. ಶನಿವಾರದ ಬಸ್ಸಿನಲ್ಲಿ ಸಿರಾಳಕೊಪ್ಪದವರೆಗೆ ಜೊತೆಯಾದ. ತನ್ನನ್ನೇ ಗೇಲಿ ಮಾಡಿಕೊಂಡು ನಗಿಸುವ ಗಂಡಸನ್ನು ನೀಲಾಂಬಿಕ ಅದುವರೆಗೆ ಕಂಡಿರಲಿಲ್ಲ. ಅವನಿಳಿದ ಮೇಲೆ ಶಿಕಾರಿಪುರದವರೆಗಿನ ದಾರಿ ಉದ್ದವಾಗತೊಡಗಿತು. ಇದೇನು ತನಗೆ ಹೀಗೆ ಎಂದು ಮೊದಲು ಹೆದರಿದಳು. ಜಗದಾಂಬಳ ಮೇಲಿನ ಪ್ರೀತಿ ಕಡಿಮೆಯಾಗಿದೆಯೇ ಎಂದು ನೋಡಿಕೊಂಡಳು. ಆಗಿರಲಿಲ್ಲ. ಮುಚ್ಚಿಟ್ಟುಕೊಂಡು ಬದುಕಲು ಬರದ ಹೆಣ್ಣು ಅದು. ಒಂದು ಸಂಜೆ ಜಗದಾಂಬ ಮೊರದಲ್ಲಿ ಹುರುಳಿಕಾಳು ಆರಿಸುತ್ತ ಕೂತಿದ್ದಾಗ ಎದುರಿಗೆ ಕೂತು ಹೇಳಿಬಿಟ್ಟಳು.

“ಗ್ರಾಮಸೇವಕರು ಬರ್ತಾರಲ್ಲ, ಅವರನ್ನ ಕಂಡ್ರೆ ನಂಗೆ ಇಷ್ಟ ಆಗೈತೆ.”

“ಇಷ್ಟ ಅಂದ್ರೆ ಎಂತದು?”

“ನಿನ್ನ ಕಂಡ್ರೆ ಆಗ್ತದಲ್ಲ, ಅಂಥದ್ದು.”

ಜಗದಾಂಬ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. “ಹಂಗಾರೆ ನಾನೆಂತ ಮಾರಾಯ್ತಿ? ಗಂಡು ಸಿಗೋವರೆಗೆ ಹೊತ್ತು ಕಳೆಯೋಕಾ?”

“ಅಲ್ಲ.”

“ಎರಡರಲ್ಲಿ ಒಂದು ಸುಳ್ಳಿರಬೇಕು ನೀಲಾ.”

“ಎರಡೂ ನಿಜ. ನಾನು ಅವರ ಹತ್ರ ಇದರ ಬಗ್ಗೆ ಒಂದು ಮಾತೂ ಆಡಿಲ್ಲ. ಮೊದಲು ನಿನಗೇ ಹೇಳ್ತಿರೋದು.”

“ಹೇಳಿ ಎಂತ ಮಾಡು ಅಂತೀಯ? ಅಕ್ಷತೆ ಹಾಕು ಅಂತೀಯಾ?” ಜಗದಾಂಬಳ ಧ್ವನಿ ಒಡೆಯಿತು. “ನಾನು ಗಂಡನ ಮನೆ ಬಿಟ್ಟು ಬಂದೋಳು. ಹಿಂದೆ ಹೋಗೋಕೆ ನಂಗೆ ಜಾಗ ಇಲ್ಲ, ಮನಸ್ಸೂ ಇಲ್ಲ. ನಿಂಗೆ ಎರಡೂ ಇದೆ. ನೀನು ನನ್ನ ಹತ್ರ ರಜೆಗೆ ಬಂದಿದ್ದೆ ಅಷ್ಟೆ. ರಜೆ ಮುಗೀತು, ಹೋಗು.”

ನೀಲಾಂಬಿಕ ಹೋಗಲಿಲ್ಲ. ಹೋದದ್ದು ಜಗದಾಂಬಳೇ. ಆನವಟ್ಟಿಯ ಆಸ್ಪತ್ರೆಗೆ ಯಾರೂ ವರ್ಗ ಕೇಳುತ್ತಿರಲಿಲ್ಲ, ಇವಳು ಕೇಳಿ ಹಾಕಿಸಿಕೊಂಡಳು. ಟ್ರಂಕು ಹೊರಗೆ ಹೋದ ದಿನ ನೀಲಾಂಬಿಕ ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದೆ ಅನ್ನ ಮಿಗಿಸಿ ಪಕ್ಕದ ಮನೆಯ ಎಮ್ಮೆಗೆ ಹಾಕಿದಳು. ಮುಂದಿನ ಶನಿವಾರ ಬಸ್ಸಿನಲ್ಲಿ ಮಹೇಶ್ವರಪ್ಪ, “ಟೀಚರೇ, ನಮ್ಮಣ್ಣನ್ನ ನಿಮ್ಮನೆಗೆ ಕಳಿಸ್ಲಾ? ಬೈಸ್ಕೊಂಡು ವಾಪಸ್ ಬರೋ ಹಂಗೆ ಮಾಡಲ್ಲ ತಾನೆ?” ಅಂದ. ಅಳು ಬರುವಂತಿದ್ದವಳಿಗೆ ನಗು ಬಂತು. ಕಳಿಸಿರಿ ಎಂದಳು.

ಅಣ್ಣನೂ ಅತ್ತಿಗೆಯೂ ಬಂದರು, ನೋಡಿದರು, ಒಪ್ಪಿದರು. ಪುಷ್ಯ ಕಳೆದು ಮಾಘದಲ್ಲಿ ವೀಳ್ಯಶಾಸ್ತ್ರ ಎಂದಾಯಿತು. ಸದಾಶಿವಪ್ಪನವರು ಅಂಗಡಿಯ ಹೊಸ ಸ್ಟೀಲು ಸಾಮಾನಿನಲ್ಲಿ ಮಗಳಿಗೆಂದು ಒಂದೊಂದನ್ನೇ ತೆಗೆದಿಡತೊಡಗಿದರು. ಬಂದ ಗಿರಾಕಿಗಳಿಗೆಲ್ಲ, “ಗೌರ್ಮೆಂಟ್ ನೌಕರಿ ಹುಡುಗ, ಮಗಳೇ ಆರಿಸಿದ್ದು,” ಎನ್ನುತ್ತಿದ್ದರು.

ಡಿಸೆಂಬರಿನಲ್ಲಿ ಶಾಲೆಯಿಂದ ಅಂಜನಾಪುರದ ಜಲಾಶಯಕ್ಕೆ ಪ್ರವಾಸ ಹೊರಟಿತು. ನಾಲೆಗಳ ವಿಷಯ ಹೇಳಿಕೊಡಲಿ ಎಂದು ಹೆಡ್‌ಮಾಸ್ತರು ಗ್ರಾಮಸೇವಕನನ್ನೂ ಕರೆದಿದ್ದರು. ಮಕ್ಕಳು ಮರದ ಕೆಳಗೆ ಸಾಲಾಗಿ ಕೂತು ಚಿತ್ರಾನ್ನ ತಿನ್ನುವಾಗ ನೀಲಾಂಬಿಕ ಮಹೇಶ್ವರಪ್ಪನನ್ನು ಏರಿಯ ಮೇಲಕ್ಕೆ ಕರೆದಳು.

“ವೀಳ್ಯ ಆಗೋಕೆ ಮುಂಚೆ ನಿಮಗೊಂದು ಮಾತು ಗೊತ್ತಿರಬೇಕು. ನಮ್ಮನೇಲಿ ನರ್ಸು ಜಗದಾಂಬ ಇದ್ರಲ್ಲ...”

“ಹೌದು, ವರ್ಗ ಆಗಿ ಹೋದ್ರಂತೆ. ನಿಮಗೆ ಬೇಜಾರಾಗಿರಬೇಕು. ಹೆಣ್ಮಕ್ಕಳ ಸ್ನೇಹಾನೇ ಹಂಗೆ.”

“ಸ್ನೇಹ ಅಲ್ಲರೀ. ಗಂಡ ಹೆಂಡ್ತಿ ಹೆಂಗೆ ಬಾಳ್ತಾರೋ ಹಂಗೆ ಬಾಳಿದ್ವಿ. ಮೂರು ವರ್ಷ.”

ಅವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ನೀರಿನ ಕಡೆ ತಿರುಗಿದ.

“ಹಂಗಾದ್ರೆ ಬಸ್ಸಿನಾಗೆ ನನ್ನ ಹತ್ರ ನಗ್ತಿದ್ದದ್ದು?”

“ಅದೂ ನಿಜಾನೇ. ನಿಮ್ಮನ್ನ ಮೆಚ್ಚಿದ್ದಕ್ಕೇ ಅವಳು ಬಿಟ್ಟು ಹೋದ್ಲು.”

“ನಾನು ಬಾಳ ಓದಿದೋನಲ್ಲ ಟೀಚರೇ. ಇಂಥದ್ದು ಕೇಳಿಲ್ಲ.” ಅವನು ಹಣೆ ಒರೆಸಿಕೊಂಡ. ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. “ಒಂದು ಕೆಲಸ ಮಾಡ್ರಿ. ಅದು ತಪ್ಪಾಯ್ತು, ತಿಳೀದೆ ಆಗಿದ್ದು ಅಂತ ಒಂದೇ ಒಂದು ಮಾತು ಅಂದ್ಬಿಡ್ರಿ. ನಾನು ಅದನ್ನ ಈ ನೀರಿಗೇ ಬಿಟ್ಟು ಹೋಗ್ತೀನಿ. ಜನ್ಮದಾಗೆ ಎತ್ತಲ್ಲ.”

ಅವನು ಬೇಡಿದ್ದು ಹೆಚ್ಚೇನಲ್ಲ ಎಂದು ನೀಲಾಂಬಿಕಳಿಗೂ ಅನ್ನಿಸಿತು. ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

“ನಿಮ್ಮನೆಗೆ ಬಂದ ಮೇಲೆ ಇನ್ನೊಬ್ಬರನ್ನ ಕಣ್ಣೆತ್ತಿ ನೋಡಲ್ಲ. ಅದಕ್ಕೆ ಆಣೆ ಇಡು ಅಂದ್ರೆ ಇಡ್ತೀನಿ. ಆದ್ರೆ ತಪ್ಪಾಯ್ತು ಅಂತ ಮಾತ್ರ ಅನ್ನಲಾರೆ.”

“ಯಾಕ್ರೀ? ಒಂದು ಮಾತಲ್ವಾ?”

“ಇವತ್ತು ಅವಳನ್ನ ಸುಳ್ಳು ಅಂದೋಳು ನಾಳೆ ನಿಮ್ಮನ್ನೂ ಅಂದೇನು.”

ಕೆಳಗೆ ಯಾವುದೋ ಮಗು ನೀರು ಬೇಕೆಂದು ಕೂಗಿತು. ಮಹೇಶ್ವರಪ್ಪ ತಾನೇ ಇಳಿದು ಹೋಗಿ ಕೊಟ್ಟ. ಸಂಜೆಯವರೆಗೂ ಮಕ್ಕಳಿಗೆ ತೂಬು, ನಾಲೆ ಎಲ್ಲ ತೋರಿಸಿದ. ಅವಳ ಕಡೆ ತಿರುಗಲಿಲ್ಲ.

ಹತ್ತು ದಿನಕ್ಕೆ ಅಣ್ಣನ ಕಾಗದ ಬಂತು. ಹುಡುಗನಿಗೆ ಸದ್ಯಕ್ಕೆ ಮದುವೆಯ ಮನಸ್ಸಿಲ್ಲ, ಹಿರಿಯರು ಕ್ಷಮಿಸಬೇಕು ಎಂದಿತ್ತು. ಕಾರಣ ಬರೆದಿರಲಿಲ್ಲ. ಸದಾಶಿವಪ್ಪನವರು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತವರು ತುತ್ತು ಕಲಸುತ್ತ ಕಲಸುತ್ತ ಕೆಂಡವಾದರು.

“ನಾಳೆ ಪಕ್ಕದ ಅಂಗಡಿ ನಾಗರಾಜಪ್ಪನ್ನ ಕರ್ಕೊಂಡು ಬಳ್ಳಿಗಾವಿಗೆ ಹೋಗ್ತೀನಿ. ಊರ ನಡುವೆ ನಿಲ್ಲಿಸಿ ಕೇಳ್ತೀನಿ ಆ ಹುಡುಗನ್ನ. ಹೆಣ್ಮಗಳ ಜೊತೆ ಬಸ್ಸಿನಾಗೆ ನಕ್ಕೊಂಡು ಓಡಾಡಿ ಈಗ ಮನಸಿಲ್ಲ ಅಂದ್ರೆ ಏನರ್ಥ? ಅವನ ನೌಕರಿ ತೆಗೆಸ್ತೀನಿ!”

“ಕೇಳಲೇಬೇಕು,” ಎಂದು ನಿರ್ಮಲಮ್ಮ ಸಾರಿನ ಪಾತ್ರೆ ಕುಕ್ಕಿದರು. “ಮಗಳ ಮುಖ ನೋಡಕ್ಕಾಗ್ತಿಲ್ಲ ನಂಗೆ.”

ಸುಮ್ಮನಿದ್ದರೆ ಆಗುತ್ತಿತ್ತು. ಊರೆಲ್ಲ ಮಹೇಶ್ವರಪ್ಪನನ್ನು ಬೈದು ಇವಳಿಗೆ ಅಯ್ಯೋ ಅನ್ನುತ್ತಿತ್ತು. ನೀಲಾಂಬಿಕ ನೀರಿನ ತಂಬಿಗೆ ಕೆಳಗಿಟ್ಟಳು.

“ಅಪ್ಪಾಜಿ, ಹೋಗ್ಬೇಡ್ರಿ. ಅವರ ತಪ್ಪಲ್ಲ.”

ಹೇಳಿದಳು. ಏರಿಯ ಮೇಲೆ ಹೇಳಿದ್ದಷ್ಟನ್ನೂ, ಅವನು ಕೇಳಿದ ಒಂದು ಮಾತನ್ನೂ, ತಾನು ಅನ್ನದೆ ಉಳಿದದ್ದನ್ನೂ ಹೇಳಿದಳು. ಸದಾಶಿವಪ್ಪನವರು ಮಧ್ಯದಲ್ಲೇ ಎದ್ದು ಕೈ ತೊಳೆದು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಭಾನುವಾರ ಅಂಗಡಿ ತೆರೆಯುವ ರೂಢಿ ಇರಲಿಲ್ಲ.

ನಿರ್ಮಲಮ್ಮ ಎದೆ ಬಡಿದುಕೊಂಡರು. “ಮದ್ದು ಹಾಕ್ಯಾಳೆ ಕಣ್ರೇ ಅತ್ತೆ, ಆ ನರ್ಸು ನನ್ನ ಮಗಳಿಗೆ ಅನ್ನದಾಗೆ ಮದ್ದು ಹಾಕ್ಯಾಳೆ!”

“ಮದ್ದು ಹಾಕಿದ್ರೆ ಗಂಡನ್ನ ಯಾಕೆ ಒಪ್ತಿದ್ಲೇ?” ಎಂದರು ಬಸವಣ್ಣೆಮ್ಮ. ಆದರೆ ಅವರ ಕೈಯ ಬತ್ತಿಯೂ ನಿಂತಿತ್ತು.

ಮುಂದಿನ ಶನಿವಾರ ನಿರ್ಮಲಮ್ಮ ಮಗಳನ್ನು ಮದ್ದು ತೆಗೆಯುವ ದ್ಯಾಮಮ್ಮನ ಮನೆಗೆ ಕರೆದುಕೊಂಡು ಹೋದರು. ತಾಯಿಯ ಸಮಾಧಾನಕ್ಕೆಂದು ನೀಲಾಂಬಿಕ ಆಕೆ ಕೊಟ್ಟ ಕಹಿ ರಸವನ್ನು ಕುಡಿದಳು. ಹಿತ್ತಲಲ್ಲಿ ಕೂತು ಕರುಳು ಕಿತ್ತು ಬರುವಂತೆ ಕಾರಿದಳು. ನಿರ್ಮಲಮ್ಮ ಬೆನ್ನು ನೀವುತ್ತ, ಬಂದುದನ್ನು ಬಗ್ಗಿ ಬಗ್ಗಿ ನೋಡಿದರು.

“ಬಂತಾ?” ಅಂದರು ಮನೆಗೆ ಬಂದಾಗ ಬಸವಣ್ಣೆಮ್ಮ.

“ಬೆಳಗ್ಗೆ ತಿಂದ ಮಂಡಕ್ಕಿ ಬಂತು,” ಎಂದು ನಿರ್ಮಲಮ್ಮ ಅಳತೊಡಗಿದರು. “ನಂಗೆ ತಿಳಿಯಂಗೆ ಹೇಳೇ. ಅವಳು ಬೇಕು ಅಂದ್ರೆ ಇವನು ಯಾಕೆ? ಇವನು ಬೇಕು ಅಂದ್ರೆ ಅವಳು ಯಾಕೆ? ಎರಡು ದೋಣೀಲಿ ಕಾಲಿಟ್ಟೋರು ಮುಳುಗದೆ ಇರ್ತಾರಾ?”

“ಇಬ್ಬರೂ ಕೈಬಿಟ್ಟರಲ್ಲವ್ವ,” ಎಂದಳು ಮಗಳು. “ಅವಳು ನನ್ನನ್ನ ಅವರೋಳು ಅಂದ್ಲು. ಅವರು ನನ್ನನ್ನ ಅವಳೋಳು ಅಂದ್ರು. ನಾನು ಯಾರ ಹತ್ರಾನೂ ಸುಳ್ಳು ಹೇಳಿರಲಿಲ್ಲ.”

ನಿರ್ಮಲಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದರು. ಮಜ್ಜಿಗೆ ಅನ್ನ ಕಲಸಿ ತಂದು, ಹೊಟ್ಟೆ ತಣ್ಣಗಾಗಲಿ ಎಂದು ಕೈತುತ್ತು ಹಾಕಿದರು. ಮಗಳಿಗೆ ಕೈತುತ್ತು ಹಾಕಿ ಇಪ್ಪತ್ತು ವರ್ಷವಾಗಿತ್ತು.

ಸದಾಶಿವಪ್ಪನವರು ಮಗಳೊಂದಿಗೆ ಮಾತು ಬಿಟ್ಟರು. ಅವಳು ಎದುರಿಗೇ ಕೂತಿದ್ದರೂ, “ಉಪ್ಪು ಬೇಕೇನು ಕೇಳೇ ಅವಳಿಗೆ,” ಎಂದು ಹೆಂಡತಿಗೆ ಹೇಳುವರು. ಒಂದು ದಿನ ಮಾತ್ರ ಸಿಡಿದರು: “ನೌಕರಿ ಬಿಟ್ಟು ಮನೇಲಿ ಬಿದ್ದಿರು ಅನ್ನು. ಓದಿಸಿ ಕೆಡಿಸಿದ್ದು ನಾನೇ.”

ಬಸವಣ್ಣೆಮ್ಮ ಕೋಲೂರಿಕೊಂಡು ಎದ್ದು ಬಂದರು. “ಸದಾಶಿವ, ಮನಸ್ಸಿನಾಗೆ ಒಂದಿಟ್ಕೊಂಡು ಬಾಯಾಗೆ ಇನ್ನೊಂದು ಹೇಳಿ ತಾಳಿ ಕಟ್ಟಿಸ್ಕೊಂಡೋರು ಈ ಓಣೀಲಿ ಎಷ್ಟು ಜನ ಬೇಕು? ಹೆಸರು ಹೇಳ್ಲಾ? ನಿಮ್ಮಪ್ಪನ್ನ ಕಟ್ಕೊಳ್ಳೋ ದಿನ ನನ್ನನ್ನೇ ಯಾರಾದ್ರೂ ಕೇಳಿದ್ರೆ ನಾನೂ ಸುಳ್ಳೇ ಹೇಳ್ತಿದ್ದೆ. ಇವಳು ಹೇಳಿ ಕೆಟ್ಟಳು. ಹೇಳಿ ಕೆಟ್ಟೋಳನ್ನ ಮನೇಲಿ ಕೂಡಿ ಹಾಕಬ್ಯಾಡ.”

“ನಿನಗೇನು ತಿಳಿಯುತ್ತೆ ಸುಮ್ನಿರವ್ವ.”

“ತಿಳಿಯಲ್ಲಪ್ಪ. ನಂಗೆ ಏನೂ ತಿಳಿಯಲ್ಲ. ಆದ್ರೆ ಅವಳು ಸೋಮವಾರದ ಬಸ್ಸಿಗೆ ಹೋಗ್ತಾಳೆ.”

ಹೋದಳು. ಜನವರಿ ಪೂರ್ತಿ ಸೊರಬದ ಮನೆಯಲ್ಲಿ ಒಬ್ಬಳೇ ಬೇಯಿಸಿಕೊಂಡು ಉಂಡಳು. ಮಹೇಶ್ವರಪ್ಪ ಶನಿವಾರದ ಬಸ್ಸು ಬಿಟ್ಟು ಶುಕ್ರವಾರವೇ ಊರಿಗೆ ಹೋಗತೊಡಗಿದ್ದ. ಪಕ್ಕದ ಸೀಟಿನಲ್ಲಿ ಯಾರದೋ ಕುಂಬಳಕಾಯಿ ಚೀಲ ಕೂತಿರುತ್ತಿತ್ತು.

ಫೆಬ್ರವರಿಯ ಒಂದು ಭಾನುವಾರ, ತಲೆನೋವೆಂದು ಊರಿಗೆ ಹೋಗದೆ ಉಳಿದಿದ್ದಳು. ಬೆಳಿಗ್ಗೆ ಬಾವಿಯಿಂದ ನೀರು ಸೇದುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ಜಗದಾಂಬ ನಿಂತಿದ್ದಳು. ಕೈಯಲ್ಲಿ ಒಂದು ಚೀಲ. ಕೆನ್ನೆ ಇಳಿದಿತ್ತು.

“ನಿಮ್ಮವ್ವ ಬಂದಿದ್ರು,” ಅಂದಳು.

“ಎಲ್ಲಿಗೆ?”

“ಆನವಟ್ಟಿಗೆ. ಗುರುವಾರ. ಚೀಟಿ ಮಾಡಿಸ್ಕೊಂಡು ರೋಗಿಗಳ ಸಾಲಲ್ಲಿ ಕೂತಿದ್ರು. ನಾನು ಕೈ ಹಿಡಿದು ನಾಡಿ ನೋಡೋಕೆ ಹೋದ್ರೆ ಕೈ ಕೊಸರಿಕೊಂಡು ಬೈಯೋಕೆ ಶುರು ಮಾಡಿದ್ರು. ಮೆಲ್ಲಗೆ, ಯಾರಿಗೂ ಕೇಳದ ಹಂಗೆ. ಮದ್ದು ಹಾಕಿದೆ, ಮನೆ ಹಾಳು ಮಾಡಿದೆ, ಎಲ್ಲ ಅಂದ್ರು. ನಾನು ಸುಮ್ನಿದ್ದೆ.” ಜಗದಾಂಬ ಬಾವಿಯ ಕಟ್ಟೆಗೆ ಕೈಯೂರಿದಳು. “ಕೊನೆಗೆ ಅಂದ್ರು, ‘ನಿನ್ನ ಜೊತೆ ಬಾಳಿದ್ದು ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ನನ್ನ ಮಗಳು ಇಷ್ಟೊತ್ತಿಗೆ ಗಂಡನ ಮನೇಲಿ ಇರ್ತಿದ್ಲು. ಆ ಗಂಡನ್ನ ಎಷ್ಟು ಮೆಚ್ಚಿದ್ಲು! ಅಂಥೋನನ್ನ ಕಳ್ಕೊಂಡ್ಲು, ಆದ್ರೆ ಆ ಮಾತು ಅನ್ನಲಿಲ್ಲ ನೋಡು ಮುಂಡೇದು’ ಅಂತ. ಹೌದಾ?”

“ಏನು?”

“ಅನ್ನಲಿಲ್ಲವಾ?”

“ಅನ್ನಲಿಲ್ಲ.”

ಜಗದಾಂಬ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೀಲಾಂಬಿಕ ಕೊಡ ಇಳಿಸಿ ಅವಳನ್ನು ಒಳಗೆ ಕರೆದುಕೊಂಡು ಹೋದಳು. ಇದ್ದದ್ದು ಒಬ್ಬಳಿಗಾಗುವಷ್ಟು ಅವಲಕ್ಕಿ. ಅದನ್ನೇ ನೆನೆಸಿ ಒಗ್ಗರಣೆ ಹಾಕಿ ಇಬ್ಬರೂ ತಿಂದರು.

“ಅವನನ್ನ ಮರೆತ್ಯಾ?” ಜಗದಾಂಬ ತಟ್ಟೆ ನೋಡುತ್ತ ಕೇಳಿದಳು.

“ಇಲ್ಲ.”

ಆ ಉತ್ತರ ಅವಳಿಗೆ ಹಿಡಿಸಲಿಲ್ಲ. “ನಾಳೆ ಇನ್ನೊಬ್ಬರು ಯಾರಾದ್ರೂ ಇಷ್ಟ ಆದ್ರೆ?”

“ಆದ್ರೂ ಆಗಬಹುದು. ನಿಂಗೂ ಯಾರಾದ್ರೂ ಆಗಬಹುದಲ್ಲ?”

“ನಂಗಾ? ನಾಲ್ಕು ಕೂದಲು ಬೆಳ್ಳಗಾಗಿದೆ ಮಾರಾಯ್ತಿ.”

“ಇಷ್ಟ ಆಗೋದು ಬೇರೆ, ಎದ್ದು ಹೋಗೋದು ಬೇರೆ ಜಗದಾ. ನಾನು ಎದ್ದು ಹೋಗಿರಲಿಲ್ಲ. ಎದ್ದು ಹೋಗಿದ್ದು ನೀನು.”

ಜಗದಾಂಬ ಎರಡೂ ತಟ್ಟೆ ತೆಗೆದುಕೊಂಡು ಹೋಗಿ ತೊಳೆದಳು. ಸಂಜೆ ಬಸ್ಸಿಗೆ ಆನವಟ್ಟಿಗೆ ಹೊರಟಳು. ಆದರೆ ತಂದಿದ್ದ ಚೀಲವನ್ನು ಅಲ್ಲೇ ಗೂಟಕ್ಕೆ ತೂಗುಹಾಕಿ ಹೋದಳು. ಒಳಗೆ ಎರಡು ಸೀರೆ ಇದ್ದವು. ಅಲ್ಲಿಂದ ಮುಂದೆ ರಜೆ ಸಿಕ್ಕಾಗಲೆಲ್ಲ ಬಂದಳು.

ನಿರ್ಮಲಮ್ಮ ಆನವಟ್ಟಿಗೆ ಹೋದದ್ದನ್ನು ಮಗಳಿಗೆ ತಾವಾಗಿ ಹೇಳಲಿಲ್ಲ. ಹದಿನೈದು ದಿನ ಬಿಟ್ಟು, ಚಟ್ನಿಪುಡಿ ಡಬ್ಬಿಗೆ ತುಂಬುತ್ತ, “ಆ ನರ್ಸು ಬಾಳ ಇಳಿದು ಹೋಗ್ಯಾಳೆ. ಹೊಟ್ಟೆಗೆ ತಿಂತಾಳೋ ಇಲ್ಲೋ,” ಅಂದರು. ಮತ್ತೆ, “ಅಷ್ಟು ಬೈದ್ರೂ ಬಸ್ ಸ್ಟ್ಯಾಂಡಿನವರೆಗೆ ಬಂದು ಸೀಟು ಹಿಡಿದು ಕೊಟ್ಲು. ಯಾವ ಜಾತಿಯೋ ಏನೋ,” ಅಂದರು. ಡಬ್ಬಿ ಬದಲಿಸಿ ದೊಡ್ಡದಕ್ಕೆ ತುಂಬಿ ಕೊಟ್ಟರು.

“ಅಪ್ಪಾಜಿ?”

“ಅವರನ್ನ ಕೇಳ್ಬೇಡ. ಮೊನ್ನೆ ಯಾರೋ ಅಂಗಡೀಲಿ, ಬಳ್ಳಿಗಾವಿಯೋರು ಯಾಕೆ ಬಿಟ್ಟರಂತೆ ಅಂತ ಕೆದಕಿದ್ರಂತೆ. ‘ಅವರು ಬಿಡಲಿಲ್ಲ, ನನ್ನ ಮಗಳೇ ಬೇಡ ಅಂದ್ಲು, ಪಾತ್ರೆ ತಗೊಳ್ಳೋದಿದ್ರೆ ತಗೊಳ್ರಿ’ ಅಂದ್ರಂತೆ. ಅಷ್ಟೇ ಸದ್ಯಕ್ಕೆ.”

ಅಷ್ಟೇ ಆಯಿತು. ಸದಾಶಿವಪ್ಪನವರು ಆ ವರ್ಷವೆಲ್ಲ ಮಗಳನ್ನು ಹೆಸರು ಹಿಡಿದು ಕರೆಯಲಿಲ್ಲ.

ಯುಗಾದಿ ಕಳೆದ ವಾರ ಮಹೇಶ್ವರಪ್ಪ ಶಾಲೆಗೆ ಬಂದು ಎಲ್ಲ ಮೇಷ್ಟ್ರುಗಳಿಗೂ ಲಗ್ನಪತ್ರಿಕೆ ಹಂಚಿದ. ಹುಡುಗಿ ಹಾನಗಲ್ಲಿನ ಕಡೆಯವಳು. ನೀಲಾಂಬಿಕಳಿಗೆ ಕೊಡುವಾಗ ಅವನ ಕೈ ತಡೆಯಿತು.

“ಬರಲೇಬೇಕು ಅಂತ ಒತ್ತಾಯ ಇಲ್ರೀ. ಬಂದ್ರೆ ಸಂತೋಷ. ನಮ್ಮಣ್ಣನಿಗೂ ನಾನು ಏನೂ ಹೇಳಿಲ್ಲ.”

“ಗೊತ್ತು. ಬರ್ತೀನಿ.”

ಜಗದಾಂಬಳಿಗೆ ಅದು ಸರಿಬರಲಿಲ್ಲ. “ಯಾಕೆ ಹೋಗ್ಬೇಕು? ನೋಡಿ ಸಂಕಟಪಡೋಕಾ?” ಎಂದು ಎರಡು ವಾರ ಮುಖ ಗಂಟಿಕ್ಕಿದಳು. ಕೊನೆಗೆ ಮದುವೆಯ ಬೆಳಿಗ್ಗೆ ರಜೆ ಹಾಕಿ ಬಂದು, ತನ್ನ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. “ಒಬ್ಬಳೇ ಬೇಡ. ನಡಿ.”

ಬಳ್ಳಿಗಾವಿಯ ಚಪ್ಪರದಡಿ ಇಬ್ಬರೂ ಅಕ್ಷತೆ ಹಾಕಿದರು. ಮಹೇಶ್ವರಪ್ಪ ಇಬ್ಬರನ್ನೂ ಕಂಡ. ಬಾಸಿಂಗದ ಕೆಳಗಿನ ಮುಖ ಒಂದು ಕ್ಷಣ ಬಿಳುಚಿತು. ಆಮೇಲೆ ಊಟದ ಪಂಕ್ತಿಗೆ ತಾನೇ ಬಂದು ಕೈಮುಗಿದ. “ಹೊಟ್ಟೆ ತುಂಬ ಉಣ್ರಿ ಟೀಚರೇ. ನೀವೂ, ನರ್ಸಮ್ಮನೋರೆ. ಇವರಿಗಿನ್ನೊಂದು ಹೋಳಿಗೆ ಬಡಿಸ್ರಪ್ಪ, ನಾಚಿಕೊಂಡು ಎಲೆ ಮಡಚೋ ಜಾತಿಯಲ್ಲ, ಆದ್ರೂ ಬಡಿಸ್ರಿ!” ಪಂಕ್ತಿಯೆಲ್ಲ ನಕ್ಕಿತು. ಜಗದಾಂಬಳೂ ತಡೆಯಲಾರದೆ ನಕ್ಕಳು.

ಊಟವಾದ ಮೇಲೆ ಸಿರಾಳಕೊಪ್ಪದ ಬಸ್ಸಿಗೆಂದು ರಸ್ತೆಗೆ ಬಂದರು. ಬಿಸಿಲು ಚುರುಗುಡುತ್ತಿತ್ತು. ಮೈಲುಗಲ್ಲಿನ ಹತ್ತಿರ ಬಂದಾಗ ನೀಲಾಂಬಿಕಳ ಕಾಲು ನಿಂತುಬಿಟ್ಟಿತು. ಬೆಳಗಿನಿಂದ ಹಿಡಿದಿಟ್ಟಿದ್ದು ಒಡೆಯಿತು. ಕಲ್ಲಿನ ಮೇಲೆ ಕೂತು, ದಾರಿಹೋಕರ ಪರಿವೆಯಿಲ್ಲದೆ, ಸತ್ತವರಿಗೆ ಅಳುವಂತೆ ಅತ್ತಳು.

ಜಗದಾಂಬ ಸ್ವಲ್ಪ ದೂರದಲ್ಲಿ ನಿಂತೇ ಇದ್ದಳು. ಹೋದ ವರ್ಷ ಮೊರದ ಮುಂದೆ ತಾನು ಸುಳ್ಳು ಎಂದಿದ್ದು ಇದನ್ನೇ. ನಿಧಾನವಾಗಿ ಬಂದು, ಕೊಡೆ ಬಿಚ್ಚಿ ನೀಲಾಂಬಿಕಳ ತಲೆಯ ಮೇಲೆ ಹಿಡಿದಳು.

“ಒಳ್ಳೆ ಮನುಷ್ಯ ಕಣೆ,” ಅಂದಳು. “ನಂಗಾಗಿದ್ರೆ... ಇಲ್ಲ, ನಂಗೆ ಇಷ್ಟ ಆಗ್ತಿರಲಿಲ್ಲ. ಆದ್ರೆ ನಿಂಗ್ಯಾಕೆ ಆಯ್ತು ಅಂತ ಇವತ್ತು ಗೊತ್ತಾಯ್ತು.”

ನೀಲಾಂಬಿಕ ಒದ್ದೆ ಮುಖವೆತ್ತಿ ನೋಡಿದಳು.

“ಅಳು, ಅಳು,” ಎಂದಳು ಜಗದಾಂಬ, ಕೊಡೆಯನ್ನು ಇನ್ನಷ್ಟು ಅವಳತ್ತ ವಾಲಿಸಿ. “ಬಸ್ಸು ಬರೋಕೆ ಇನ್ನೂ ಹೊತ್ತಿದೆ.”